ಜಗಲಿಯ ಪೆಟ್ಟಿಗೆ ಮೇಷ್ಟ್ರು

ನಮ್ಮ ಮಧುಗಿರಿಯಲ್ಲಿ ಆಗ ಹಾಡುವವರನ್ನು ಭಾಗವತರು ಎನ್ನುತ್ತಿದ್ದರು, ತಬಲ ಬಾರಿಸುವವರನ್ನು ತಬಲ ಮೇಷ್ಟ್ರು ಎನ್ನುತ್ತಿದ್ದರು, ಹಾರ್ಮೋನಿಯಂ ನುಡಿಸುವವರನ್ನು ಮಾತ್ರ ಪೆಟ್ಟಿಗೆ ಒತ್ತೋನು ಎನ್ನುತ್ತಿದ್ದರು. ಅವನಿಗೇನು, ಗಾಳಿ ಹಾಕ್ತಾನೆ, ಒತ್ತುತ್ತಾನೆ, ಅದು ಕೂಗುತ್ತೆ, ಅದರಲ್ಲಿ ಮಹಾ ಏನೈತೆ ಎಂದು ನಮ್ಮಪ್ಪನೇ ಹೇಳಿದ್ದನ್ನು ನೂರು ಸಲ ಕೇಳಿದ್ದೇನೆ. ಇದು ಮಹಾರಾಜರ ಕಾಲದ ಮಾತು. ಹೇಳಿದವರೆಲ್ಲ ಹೋದರು, ಕೇಳಿಸಿಕೊಂಡ ನಾನೊಬ್ಬಳು ಉಳಿದಿದ್ದೇನೆ. ಆ ಮಾತು ನೆನಪಾದರೆ ಈಗಲೂ ಮೈ ಉರಿಯುತ್ತದೆ. ಉರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ, ಹದಿನೇಳು ತುಂಬುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ನನಗೆ ಹಾಡು ಹೇಳಿಕೊಟ್ಟ ಮೇಷ್ಟ್ರು ಸಿರಾ ಕಡೆಯ ಸಾಹೇಬರು. ಒಂದು ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಹಾರ್ಮೋನಿಯಂ ನುಡಿಸಿದವರು. ಕಂಪನಿ ಸಿರಾದಲ್ಲಿ ಕ್ಯಾಂಪು ಹಾಕಿದ್ದಾಗ ಒಡೆದುಹೋಯಿತಂತೆ. ಯಜಮಾನ ಪರದೆ ಕಿರೀಟಗಳನ್ನೆಲ್ಲ ಮಾರಿ ಒಂದು ದಿಕ್ಕು ಹಿಡಿದ, ಪಾತ್ರ ಮಾಡುವವರು ಬೇರೆ ಬೇರೆ ಕಂಪನಿ ಸೇರಿಕೊಂಡರು. ಪೆಟ್ಟಿಗೆಯವರನ್ನು ಬಾ ಎಂದು ಯಾರೂ ಕರೆಯಲಿಲ್ಲ. ಅವರು ತಮ್ಮ ಕೈ ಪೆಟ್ಟಿಗೆಯನ್ನು ಹಳೇ ಪರದೆಯ ಒಂದು ತುಂಡಿನಲ್ಲಿ ಗಂಟು ಕಟ್ಟಿಕೊಂಡು ಮಧುಗಿರಿಗೆ ಬಂದು, ಸಂತೆ ಮೈದಾನದ ಹಿಂದೆ ಒಂದು ಕೋಣೆ ಹಿಡಿದರು. ಸೋಮವಾರದ ಭಜನೆಗೆ ನುಡಿಸುತ್ತಿದ್ದರು. ಮೂರು ನಾಲ್ಕು ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದರು. ಭಜನೆ ಮುಗಿದು ಪ್ರಸಾದಕ್ಕೆ ಜನ ಏಳುವಾಗ ಅವರ ಕಡೆ ಬರುತ್ತಿದ್ದ ಮಾತು ಒಂದೇ, 'ಆ ಪೆಟ್ಟಿಗೆ ಒಂಚೂರು ಅತ್ತಾಗಿಡಿ, ದಾರಿಗಡ್ಡ.'

ನಮ್ಮದು ಅರಿವೆ ಅಂಗಡಿಯವರ ಮನೆ, ಲಿಂಗಾಯತರು. ಪಾಠದ ಹೊತ್ತಿಗೆ ಮೇಷ್ಟ್ರು ಜಗಲಿಯ ಮೇಲೆ ಗೋಡೆಗೆ ಒರಗಿ ಕೂರುತ್ತಿದ್ದರು, ನಾನು ಹೊಸಿಲಿನ ಈಚೆ ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದೆ. ಅವರು ಹೊಸಿಲು ದಾಟಿ ಒಳಗೆ ಬಂದವರಲ್ಲ, ಬನ್ನಿ ಎಂದವರೂ ಇಲ್ಲ. ಮೂರು ವರ್ಷದಲ್ಲಿ ಪಾಠದ ಹೊತ್ತು ನನಗೆ ಕಂಡದ್ದು ಅವರ ಟೋಪಿಯ ಅಂಚು ಮತ್ತು ತಿದಿ ಒತ್ತುವ ಎಡಗೈ, ಅಷ್ಟೇ. ಅವರಿಗಂತೂ ನಾನು ಕಾಣುತ್ತಲೇ ಇರಲಿಲ್ಲ, ಎಲ್ಲ ಕಿವಿಯ ಮೇಲೆಯೇ ನಡೆಯುತ್ತಿತ್ತು.

ಪಾಠ ಶುರುವಾಗುವ ಮುಂಚೆ ಬೇರೆ ಮೇಷ್ಟರುಗಳ ಹಾಗೆ ಅವರು ಶ್ರುತಿ ಹಿಡಿಯುತ್ತಿರಲಿಲ್ಲ. 'ಇವತ್ತೇನು ಅಡುಗೆ ಬೇಟಿ?' ಎಂದು ಕೇಳುತ್ತಿದ್ದರು. ನಾನು, 'ಮುದ್ದೆ, ಹುರುಳಿಕಾಳಿನ ಸಾರು ಮೇಷ್ಟ್ರೆ' ಎಂದರೆ ಸಾಕು, ಒಂದು ಮನೆ ಒತ್ತಿ ಶ್ರುತಿ ಇಡುತ್ತಿದ್ದರು. ಪೆಟ್ಟಿಗೆಯ ಮೇಲೆ ಬೆರಳಿಡುವ ಒಂದೊಂದು ಪಟ್ಟಿಯನ್ನೂ ಮನೆ ಎಂದೇ ನಾವು ಅನ್ನುವುದು. ಒಂದು ದಿನ ಐದು ಮನೆ ಇಟ್ಟರೆ ಇನ್ನೊಂದು ದಿನ ನಾಲ್ಕೂವರೆ, ಅರ್ಧ ಎಂದರೆ ನಡುವಿನ ಕರಿ ಪಟ್ಟಿ. ಈ ಮನುಷ್ಯನಿಗೆ ಊಟದ ಚಪಲ ಎಂದು ನಾವೆಲ್ಲ ತಿಳಿದಿದ್ದೆವು. ಪಾಪ ಕಣೆ, ಒಂಟಿ ಜೀವ ಎಂದು ಅವ್ವ ಒಂದು ದಿನ ಬಟ್ಟಲಲ್ಲಿ ಸಾರು ತಂದು ಜಗಲಿಯ ಮೇಲಿಟ್ಟಳು. ಮೇಷ್ಟ್ರು ಗಾಬರಿಯಾಗಿಬಿಟ್ಟರು. ನಾನು ಮಾತಾಡುವ ದನಿಯಲ್ಲಿ ಅವತ್ತಿನ ಗಂಟಲು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ತೂಗಿ ನೋಡುವುದಕ್ಕೆ ಹಾಗೆ ಕೇಳುತ್ತಿದ್ದರು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಅಪ್ಪನಿಗೆ ನಾಟಕದ ಹುಚ್ಚು ಬಹಳ. ಹೇಳಿದ್ದನ್ನೇ ಹೇಳುವ ಒಂದು ಕಥೆ ಅವರ ಹತ್ತಿರ ಇತ್ತು. ಸಿರಾದಲ್ಲಿ ಆಡಿದ ಒಂದು ಆಟದಲ್ಲಿ ರಾಜನ ಪಾತ್ರದವನಿಗೆ ನೆಗಡಿ ಹಿಡಿದು ಗಂಟಲು ಕಟ್ಟಿತ್ತಂತೆ. ಆದರೂ ಒಂದೇ ಹಾಡಿಗೆ ಜನ ಮೂರು ಸಲ ಒನ್ಸ್ ಮೋರ್ ಎಂದರಂತೆ. 'ಗಂಟ್ಲು ಕಟ್ಟಿದ್ರೂ ಹೆಂಗ್ ಹಾಡ್ದ ಅಂತೀಯ, ಅವನು ಕಣಮ್ಮ ಹಾಡುಗಾರ ಅಂದ್ರೆ' ಎಂದು ತೊಡೆ ತಟ್ಟಿ ಹೇಳುತ್ತಿದ್ದರು. ಅವತ್ತು ಪೆಟ್ಟಿಗೆ ಹಿಡಿದಿದ್ದವರು ನಮ್ಮ ಮೇಷ್ಟ್ರೇ. ಅಪ್ಪ ಅದನ್ನು ಅವರ ಎದುರಿಗೇ ಹೇಳುತ್ತಿದ್ದರು. ಮೇಷ್ಟ್ರು, 'ಹೌದು ಸ್ವಾಮಿ, ಒಳ್ಳೆ ಕಂಠ ಆತನದು' ಎಂದು ತಲೆಯಾಡಿಸುತ್ತಿದ್ದರು. ನನ್ನ ಬುದ್ಧಿಗೂ ಮಂಕು ಕವಿದಿತ್ತು, ಯಾರೋ ಕಾಣದ ಆ ರಾಜನನ್ನೇ ಮೆಚ್ಚಿಕೊಂಡು ಕೂತಿದ್ದೆ.

ಇನ್ನು ನನ್ನ ಕಷ್ಟ ಹೇಳುತ್ತೇನೆ. ಆ ವರ್ಷ ನಾನು ಲೋವರ್ ಸೆಕೆಂಡರಿ ಪರೀಕ್ಷೆಗೆ ಕೂರಬೇಕಿತ್ತು. ಅದು ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯ ಕೆಲಸ ಸಿಗುತ್ತಿತ್ತು. ಬೀದಿಯವರ ಲೆಕ್ಕದಲ್ಲಿ ಹದಿನೇಳಕ್ಕೆ ನಾನು ಆಗಲೇ ಮುದುಕಿ, ಓದು ಎಂಬುದು ಗಂಡು ಸಿಗುವವರೆಗೆ ಹೊತ್ತು ಕಳೆಯುವ ಕೆಲಸ. ನನಗೆ ಹಾಗಿರಲಿಲ್ಲ. ಮೇಜಿನ ಹಿಂದೆ ನಿಂತು ಮಕ್ಕಳಿಗೆ ಮಗ್ಗಿ ಹೇಳಿಸುವ ಕನಸು ದಿನಾ ಬೀಳುತ್ತಿತ್ತು. ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ಪಾವಗಡದಿಂದ ಒಂದು ಸಂಬಂಧ ಬಂತು.

ಗಂಡು ಕಡ್ಲೇಕಾಯಿ ವ್ಯಾಪಾರದವರು. ಹೆಂಡತಿ ತೀರಿಕೊಂಡು ಒಂದು ವರ್ಷವಾಗಿತ್ತು. ಅವರು ಕೆಟ್ಟವರೇನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಮ್ಮಪ್ಪನಿಗಿಂತ ಮೂರೇ ವರ್ಷ ಚಿಕ್ಕವರು, ಅವರ ದೊಡ್ಡ ಮಗ ನನಗಿಂತ ಒಂದು ವರ್ಷ ದೊಡ್ಡವನು. ಹೋದ ತಕ್ಷಣ ಮೀಸೆ ಬಂದ ಹುಡುಗನ ಕೈಲಿ ಅವ್ವ ಅನ್ನಿಸಿಕೊಳ್ಳಬೇಕು. ಅವರ ಮನೆಯಲ್ಲಿ ದಿನಾ ಸಂಜೆ ಶಿವಪೂಜೆಯ ಹೊತ್ತಿಗೆ ಮನೆಯ ಸೊಸೆ ಕೂತು ಹಾಡಬೇಕೆಂಬ ಪದ್ಧತಿ ಇತ್ತಂತೆ, ತೀರಿಕೊಂಡಾಕೆ ಚೆನ್ನಾಗಿ ಹಾಡುತ್ತಿದ್ದರಂತೆ. ಆದ್ದರಿಂದ ಹಾಡುವ ಹೆಣ್ಣೇ ಬೇಕು ಎಂದು ಹುಡುಕುತ್ತಿದ್ದರು. ನಮ್ಮ ಬೀದಿಯ ಯಾರೋ ಪುಣ್ಯಾತ್ಮರು ನನ್ನ ಕಂಠದ ಸುದ್ದಿಯನ್ನು ಪಾವಗಡಕ್ಕೆ ಮುಟ್ಟಿಸಿದ್ದರು.

ನನಗೆ ಬೇಡ ಎಂದು ಅಪ್ಪನಿಗೆ ಹೇಳಿದೆ. 'ಹೆಣ್ಣಿಗೆ ಹಟ ಇರಬಾರ್ದು, ಗಂಡಿಗೆ ಚಟ ಇರಬಾರ್ದು' ಎಂದು ಗಾದೆ ಹೇಳಿ ಬಾಯಿ ಮುಚ್ಚಿಸಿದರು. ಊಟ ಬಿಟ್ಟೆ. ಎರಡು ದಿನ ನೋಡಿ ಅಪ್ಪ, 'ನೋಡಮ್ಮ, ಬರಲಿ, ನೋಡಲಿ. ಅವರು ಒಪ್ಪಿದ್ರೆ ನಾನು ಒಪ್ಪಿದಂಗೆ. ಅವರು ಬ್ಯಾಡ ಅಂದ್ರೆ ನಿನ್ನ ಪರೀಕ್ಷೆ ಮುಗಿಯೋಗಂಟ ಬೇರೆ ಗಂಡಿನ ಸುದ್ದಿ ಎತ್ತಾಕಿಲ್ಲ' ಎಂದರು. ಅಪ್ಪ ಹಟಮಾರಿ, ಆದರೆ ಮಾತಿಗೆ ತಪ್ಪುವವರಲ್ಲ. ಹಾಗಾಗಿ ಎಲ್ಲ ಅವರ ಒಪ್ಪಿಗೆಯ ಮೇಲೆ ನಿಂತಿತು. ಅವ್ವನ ಹತ್ತಿರ ಹೋಗಿ ಅತ್ತೆ. 'ನನ್ ಕೈಲೇನೈತೆ ಕಣಮ್ಮ' ಎಂದಳು. ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಆಮೇಲೆ ಹಂಚಿನ ಕಡೆಯೇ ನೋಡುತ್ತಾ, 'ಹಾಡೋವಾಗ ಒಂದೊಂದ್ ದಿನ ಕೆಡ್ತದಪ್ಪ. ಕೆಟ್ರೆ ಏನ್ ಮಾಡಕಾಯ್ತದೆ' ಎಂದಳು. ಅಷ್ಟೇ ಹೇಳಿದ್ದು, ಮುಖದಲ್ಲಿ ನಗುವೂ ಇಲ್ಲ.

ಮಾರನೇ ದಿನ ಪಾಠಕ್ಕೆ ಬಂದಾಗ ಮೇಷ್ಟರಿಗೆ ಎಲ್ಲ ಹೇಳಿದೆ. 'ಅವರು ಬಂದ ದಿನ ನಾನು ಕೆಡಿಸಿ ಹಾಡ್ತೀನಿ ಮೇಷ್ಟ್ರೆ. ನೀವು ಸುಮ್ಮನೆ ಶ್ರುತಿ ಹಿಡಿದುಕೊಂಡು ಕೂತಿರಿ. ನನ್ನ ಹಿಂದೆ ಬರಬೇಡಿ.' ಬಾಗಿಲ ಆಚೆ ಅವರು ತಿದಿಯ ಕೊಕ್ಕೆ ಹಾಕಿ ತೆಗೆದು ಮಾಡಿದರು. ಕೊನೆಗೆ, 'ಕೆಡಿಸೋದನ್ನ ನನಗೆ ಯಾರೂ ಹೇಳಿಕೊಟ್ಟಿಲ್ಲ ಬೇಟಿ. ಆದರೂ ಸುಮ್ಮನಿರೋದು ಎಷ್ಟರ ಕೆಲಸ, ಇರ್ತೀನಿ' ಎಂದರು. ಮಾತು ಕೊಟ್ಟರು. ನನಗೆ ಅರ್ಧ ಜೀವ ಬಂದ ಹಾಗಾಯಿತು.

ಪಾವಗಡದವರು ಕಮಾನು ಗಾಡಿಯಲ್ಲಿ ಬಂದರು. ದಾರಿಯಲ್ಲಿ ಒಂದು ರಾತ್ರಿ ನೆಂಟರ ಮನೆಯಲ್ಲಿ ಇಳಿದು, ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ನಮ್ಮ ಮನೆ ಮುಟ್ಟಿದರು. ಗಂಡು, ಗಂಡಿನ ಅಕ್ಕ, ಇನ್ನಿಬ್ಬರು ಹಿರಿಯರು. ಗಂಡು ತಲೆ ತಗ್ಗಿಸಿಕೊಂಡು ಕೂತಿದ್ದರು, ನನಗಿಂತ ಹೆಚ್ಚು ನಾಚಿಕೆ ಅವರಿಗೇ. ಮಾತೆಲ್ಲ ಅಕ್ಕನದು. ಆಕೆಯ ಕನ್ನಡದಲ್ಲಿ ಅರ್ಧ ತೆಲುಗು. ನಾನು ಪರೀಕ್ಷೆಗೆ ಓದುತ್ತಿದ್ದೇನೆ ಎಂದು ಅವ್ವ ಮೆಲ್ಲಗೆ ಅಂದಾಗ, 'ಚದುವು ಸಾಕು ಕಣಮ್ಮ, ಓದಿ ಯಾವ ಕಚೇರಿಗೆ ಹೋಗ್ಬೇಕು ಈ ಪಿಲ್ಲ' ಎಂದು ನಕ್ಕರು. ಅವರ ಪಕ್ಕದಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಹೂವಿನ ದಂಡೆ ಇತ್ತು. ಒಪ್ಪಿಗೆಯಾದರೆ ಗಂಡಿನ ಕಡೆಯ ಹೆಂಗಸು ಹೆಣ್ಣಿಗೆ ಹೂ ಮುಡಿಸುತ್ತಾಳೆ. ಮುಡಿಸಿದರೆ ಮುಗಿಯಿತು, ಆಮೇಲೆ ಹಿಂದೆ ಸರಿದರೆ ಹೆಣ್ಣಿಗೇ ಕುಂದು. ನಾನು ಅವರ ಮುಖ ನೋಡಲೇ ಇಲ್ಲ, ಆ ಬಾಳೆಲೆಯನ್ನೇ ನೋಡುತ್ತಿದ್ದೆ.

'ಹಾಡಮ್ಮ' ಎಂದರು ಅಪ್ಪ.

ಮೇಷ್ಟ್ರು ಜಗಲಿಯ ಮೇಲೆ ತಮ್ಮ ಜಾಗದಲ್ಲೇ ಇದ್ದರು. ಶ್ರುತಿ ಇಟ್ಟರು. ಶಿವನ ಮೇಲಿನ ಒಂದು ಹಾಡು, ಮೋಹನ ರಾಗ. ಮೊದಲ ಸಾಲನ್ನು ಹೆದರಿಕೆಯಲ್ಲಿ ಕಲಿತ ಹಾಗೆಯೇ ಹಾಡಿಬಿಟ್ಟೆ. ಎರಡನೇ ಸಾಲಿಗೆ ಧೈರ್ಯ ಮಾಡಿ ಕೆಡಿಸಿದೆ. ಗಾಂಧಾರದ ಹತ್ತಿರ ಬಂದಾಗ ಬೇಕೆಂದೇ ಒಂದು ಮೆಟ್ಟಿಲು ಕೆಳಗೆ ನಿಂತೆ. ಕೇಳಿದವರ ಹಲ್ಲು ಜುಮ್ಮೆನ್ನಬೇಕು, ಅಷ್ಟು ಕೆಟ್ಟದಾಗಿ ನಿಂತೆ.

ಮೋಹನದಲ್ಲಿ ಗಾಂಧಾರ ಒಂದು ಮೆಟ್ಟಿಲು ಇಳಿದರೆ ಅದು ಶಿವರಂಜನಿಯಾಗುತ್ತದೆ, ಬೇರೆಯೇ ರಾಗ, ಕರುಳು ಹಿಂಡುವ ರಾಗ. ಅದು ನನಗೆ ಆಗ ಗೊತ್ತಿರಲಿಲ್ಲ. ಅವರ ಬೆರಳಿಗೆ ಗೊತ್ತಿತ್ತು. ನಾನು ತಪ್ಪು ಸ್ವರದ ಮೇಲೆ ನಿಂತು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಆ ಸ್ವರವನ್ನು ಎತ್ತಿಕೊಂಡು, ಸುತ್ತಲಿನ ಸ್ವರಗಳನ್ನೆಲ್ಲ ಅದರ ಬಳಗವಾಗಿ ಮಾಡಿ, ನಾನು ಅಲ್ಲಿಗೇ ಹೊರಟಿದ್ದೆ ಎನ್ನುವ ಹಾಗೆ ಮಾಡಿಬಿಟ್ಟಿತು. ಗಂಡಿನ ಅಕ್ಕ 'ಅಬ್ಬ' ಎಂದರು. ಹಲ್ಲು ಜುಮ್ಮೆಂದಲ್ಲ, ಮೆಚ್ಚಿ.

ನನಗೆ ರೇಗಿತು. ಶ್ರುತಿಯನ್ನೇ ಬಿಟ್ಟು ಅರ್ಧ ಮನೆ ಕೆಳಕ್ಕೆ ಜಾರಿದೆ. ಐದು ಮನೆಯಲ್ಲಿದ್ದ ಪೆಟ್ಟಿಗೆ ಒಂದು ಸಣ್ಣ ಸುತ್ತು ಸುತ್ತಿ, ಯಾರಿಗೂ ತಿಳಿಯದ ಹಾಗೆ ನಾಲ್ಕೂವರೆಗೆ ಇಳಿದು ನನ್ನ ಪಕ್ಕದಲ್ಲಿ ಬಂದು ಕೂತಿತು. ಹಾಡಿನ ನಡುವೆ ಪದವನ್ನೇ ಕತ್ತರಿಸಿ ಕೆಮ್ಮಿದೆ. ಆ ಖಾಲಿ ಜಾಗಕ್ಕೆ ಪೆಟ್ಟಿಗೆ ಎಂಥ ಒಂದು ತಿರುವು ಹಾಕಿತೆಂದರೆ, ಅದಕ್ಕೆ ಜಾಗ ಬಿಡಲೆಂದೇ ನಾನು ನಿಲ್ಲಿಸಿದ ಹಾಗಾಯಿತು. ತಾಳ ಬಿಟ್ಟು ಓಡಿದೆ. ಅದೂ ನನ್ನ ಜೊತೆಗೆ ಓಡಿ, ಹಾಡನ್ನೇ ವೇಗಕ್ಕೆ ತಂದು, ಕೊನೆಯ ಸಾಲಿಗೆ ಚೆಂದವಾಗಿ ನಿಧಾನ ಮಾಡಿಸಿತು. ಬಾವಿಗೆ ಹಾರಿದರೂ ಬಿಡದೆ ಎತ್ತಿ ಕಟ್ಟೆಯ ಮೇಲೆ ಕೂರಿಸುವವರ ಹತ್ತಿರ ಏನು ಮಾಡುವುದು? ಸಿಟ್ಟಿಗೆ ನನಗೆ ಅಳು ಬಂತು, ಅಳು ದನಿಯೊಳಗೆ ಸೇರಿಕೊಂಡಿತು, ಆ ಹಾಳು ಶಿವರಂಜನಿಗೆ ಅದೂ ಒಪ್ಪಿತು.

ಹಾಡುತ್ತಾ ಹಾಡುತ್ತಾ ನನಗೆ ಇನ್ನೊಂದು ತಿಳಿಯಿತು. ಮೂರು ವರ್ಷ ನಾನು ಎಂಥ ಮನುಷ್ಯನನ್ನು ಹೊಸಿಲಿನ ಆಚೆ ಕೂರಿಸಿಕೊಂಡು ಹಾಡಿದ್ದೆ ಎಂಬುದು. ನಾನು ಎಲ್ಲಿ ಬೀಳುತ್ತೇನೆ ಎಂದು ನನಗಿಂತ ಮುಂಚೆ ಅವರ ಕಿವಿಗೆ ತಿಳಿಯುತ್ತಿತ್ತು. ಇಂಥದ್ದನ್ನು ಮಧುಗಿರಿಯಲ್ಲೇ ಅಲ್ಲ, ಎಲ್ಲೂ ನಾನು ಆಮೇಲೆ ಕೇಳಿಲ್ಲ. ಇಷ್ಟು ದೊಡ್ಡ ವಿದ್ಯೆ ನನಗೆ ಕಂಡದ್ದು ಅದು ನನ್ನ ಬದುಕನ್ನು ಹಾಳುಮಾಡುತ್ತಿದ್ದ ಹೊತ್ತಿನಲ್ಲಿ. ಕೈ ಮುಗಿಯಬೇಕೋ ಪೆಟ್ಟಿಗೆ ಎತ್ತಿ ಬೀದಿಗೆ ಎಸೆಯಬೇಕೋ ಗೊತ್ತಾಗಲಿಲ್ಲ.

ಹಾಡು ಮುಗಿದಾಗ ಗಂಡಿನ ಅಕ್ಕ ಕಣ್ಣು ಒರೆಸಿಕೊಳ್ಳುತ್ತಿದ್ದರು. 'ಎಂತ ಬಾಗ ಹಾಡ್ತಾಳೆ ಕಣಮ್ಮ ಈ ಪಿಲ್ಲ. ನಮ್ಮನೆ ಪೂಜೆಗೆ ಕಳೆ ಬಂತು' ಎಂದರು. ಹಿರಿಯರು ತಲೆದೂಗಿದರು. ಅಪ್ಪ ಬೀಗಿಹೋದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನನ್ನ ಮುಖ ನೋಡಿ, ಏನೇ ಇದು ಎಂದು ಕಣ್ಣಿನಲ್ಲೇ ಕೇಳಿದಳು. ಗಂಡಿನ ಅಕ್ಕ ಬಾಳೆಲೆ ಬಿಚ್ಚಿ ದಂಡೆ ಕೈಗೆ ತೆಗೆದುಕೊಂಡು, 'ಇಲ್ಲಿ ಬಾಮ್ಮ, ತಲೆ ಬಗ್ಸು' ಎಂದರು. ನಾನು ಚಾಪೆಯ ಅಂಚು ಹಿಡಿದು ಕೂತೇ ಇದ್ದೆ. ಅವರೇ ಎದ್ದು ನನ್ನ ಹತ್ತಿರ ಬಂದರು.

'ಸ್ವಾಮಿ, ಹೂ ಮುಡಿಸೋ ಮುಂಚೆ ಒಂದು ಮಾತು.'

ಜಗಲಿಯಿಂದ ಬಂದ ದನಿ. ಮೂರು ವರ್ಷದಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಾಗಿಲಿನಲ್ಲಿ ಬಂದು ನಿಂತರು, ಹೊಸಿಲಿನ ಆಚೆಗೆ. ಮುಖ ಬಿಳಿಚಿಕೊಂಡಿತ್ತು.

'ನೀವು ಮೆಚ್ಚಿದ್ದು ಈ ಮಗುವಿನ ಹಾಡನ್ನ ಅಲ್ಲ, ನನ್ನನ್ನ. ಎರಡನೇ ಸಾಲಿಂದ ಕೊನೇವರೆಗೂ ಇದು ತಪ್ಪಿದೆ. ನಾನು ಮುಚ್ಚಿದ್ದೀನಿ. ನನಗೆ ಅಷ್ಟು ಬರುತ್ತೆ. ಈ ಸೀಮೆಯಲ್ಲಿ ನನ್ನಷ್ಟು ಪೆಟ್ಟಿಗೆ ಬಲ್ಲವನು ಇನ್ನೊಬ್ಬನಿಲ್ಲ.'

ಅಪ್ಪನಿಗೆ ಮೈಮೇಲೆ ಬಂತು. 'ಏನ್ರೀ ಇದು, ಪೆಟ್ಟಿಗೆ ಒತ್ತೋರಿಗೆ ಇಷ್ಟೊಂದು ಜಂಬವಾ? ಹಾಡಿದ್ದು ನನ್ ಮಗಳು.' ಅವರು ಎದ್ದೇಬಿಟ್ಟಿದ್ದರು. ಆಗ ಅಲ್ಲಿಯತನಕ ಒಂದು ಮಾತೂ ಆಡದಿದ್ದ ಗಂಡು ತಲೆಯೆತ್ತಿ, 'ಜಗಳ ಯಾಕ್ರಿ. ಪೆಟ್ಟಿಗೆ ಇಲ್ದಂಗೆ ಒಂದ್ಸಲ ಹಾಡ್ಲಿ, ಗೊತ್ತಾಗ್ತದೆ' ಎಂದರು. ನ್ಯಾಯವಾದ ಮಾತು. ಅಕ್ಕ ಹೂವಿನ ದಂಡೆ ಹಿಡಿದುಕೊಂಡೇ ನಿಂತರು.

ಹೋದ ಜೀವ ತಿರುಗಿ ಬಂದ ಹಾಗಾಯಿತು ನನಗೆ. ಈಗ ಯಾರ ಅಡ್ಡಿಯೂ ಇಲ್ಲ. ಮೊದಲ ಸಾಲು ನೆಟ್ಟಗೆ ಹಾಡಿ, ಎರಡನೆಯದರಿಂದ ಕೆಡಿಸೋಣ, ಅನುಮಾನ ಬರದ ಹಾಗೆ ನಿಧಾನವಾಗಿ ಕೆಡಿಸೋಣ ಎಂದು ಲೆಕ್ಕ ಹಾಕಿಕೊಂಡು ಬಾಯಿ ತೆಗೆದೆ. ಮೊದಲ ಸಾಲನ್ನು ಶ್ರದ್ಧೆಯಿಂದ, ಮನಸ್ಸಿಟ್ಟು ಹಾಡಿದೆ.

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಗಂಡು ಮತ್ತೆ ತಲೆ ತಗ್ಗಿಸಿದರು. ಅಪ್ಪನ ಮುಖ ನೋಡಿದೆ, ಹರಳೆಣ್ಣೆ ಕುಡಿದವರ ಹಾಗಿತ್ತು. ನಾನು ಕೆಡಿಸುವುದನ್ನು ಇನ್ನೂ ಶುರುವೇ ಮಾಡಿರಲಿಲ್ಲ. ನನ್ನ ದನಿ ನನ್ನ ಕಿವಿಗೇ ಮೊದಲ ಸಲ ಒಂಟಿಯಾಗಿ ಕೇಳುತ್ತಿತ್ತು, ಸಂತೆಯಲ್ಲಿ ಕೈ ತಪ್ಪಿಸಿಕೊಂಡ ಮಗುವಿನ ಹಾಗೆ ಅಲೆಯುತ್ತಿತ್ತು. ಮೇಷ್ಟ್ರು ಸುಳ್ಳು ಹೇಳಿರಲಿಲ್ಲ. ತಪ್ಪಿದ್ದು ಎರಡನೇ ಸಾಲಿನಿಂದ ಎಂದದ್ದೊಂದು ಮಾತ್ರ ನನ್ನ ಮರ್ಯಾದೆಗೆ ಹೇಳಿದ್ದು. ಬೀದಿಯವರೆಲ್ಲ ಹೊಗಳಿದ ನನ್ನ ಕಂಠ, ಮೂರು ವರ್ಷದಿಂದ ಅವರದೇ.

ಬೇರೆ ದಿನವಾಗಿದ್ದರೆ ಅವಮಾನಕ್ಕೆ ನೆಲ ಬಾಯಿ ಬಿಡಲಿ ಎನ್ನುತ್ತಿದ್ದೆನೋ ಏನೋ. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಿಗ್ಗಿನಿಂದ ಎರಡನೇ ಸಾಲನ್ನೂ ಹಾಡಿದೆ. ಮೂರನೆಯದಕ್ಕೆ ಹೋಗುವಷ್ಟರಲ್ಲಿ ಗಂಡಿನ ಅಕ್ಕ, 'ಸಾಕಮ್ಮ, ಸಾಕು' ಎಂದು ಕೈ ಅಡ್ಡ ಹಿಡಿದರು. ದಂಡೆಯನ್ನು ಬಾಳೆಲೆಯಲ್ಲಿಟ್ಟು ಮೊದಲಿನ ಹಾಗೆಯೇ ಸುತ್ತಿದರು. 'ವದ್ದು, ಬ್ಯಾಡ ಕಣೋ ತಮ್ಮ, ಏಳು ಹೋಗಾನ. ದಿನಾ ಪೂಜೆ ಹೊತ್ತಿಗೆ ಈ ಸಾಹೇಬರ್ನೂ ಕರ್ಕೊಂಡ್ ಬರೋಕಾಗ್ತದಾ?' ಎಂದರು. ಮಾಡಿಟ್ಟಿದ್ದ ಉಪ್ಪಿಟ್ಟು ತಿಂದರು, ಒಳ್ಳೆಯ ಜನ, ಮುಖ ಮುರಿಯಲಿಲ್ಲ. ವೀಳ್ಯ ತೆಗೆದುಕೊಂಡು ಹೊರಟರು.

ಅವರನ್ನು ಬೀದಿ ಕೊನೆಯವರೆಗೆ ಕಳಿಸಿಬರಲು ಅಪ್ಪ ಚಪ್ಪಲಿ ಮೆಟ್ಟಿಕೊಂಡರು. ಜಗಲಿಯ ಮೇಲೆ ನಿಂತು ಮೇಷ್ಟರಿಗೆ, 'ನಾನು ಬರೋವಷ್ಟರಲ್ಲಿ ಪೆಟ್ಟಿಗೆ ಎತ್ತಿರಬೇಕು. ನಾಳೆಯಿಂದ ಈ ಕಡೆ ತಲೆ ಹಾಕಬ್ಯಾಡಿ' ಎಂದು ಹೇಳಿ ಹೋದರು. ಹೇಳಿದ ಹಾಗೆ ಪಾಠ ಬಿಡಿಸಿದರು. ಪರೀಕ್ಷೆಯ ಮಾತನ್ನೂ ಹೇಳಿದ ಹಾಗೆಯೇ ನಡೆಸಿದರು. ನಾನು ಪರೀಕ್ಷೆಗೆ ಕೂತೆ, ಪಾಸಾದೆ, ಮರುವರ್ಷ ಕೊರಟಗೆರೆಯ ಹೆಣ್ಣುಮಕ್ಕಳ ಶಾಲೆಗೆ ಕೆಲಸಕ್ಕೆ ಹೋದೆ, ಮಕ್ಕಳಿಗೆ ಎಲ್ಲ ಹೇಳಿಕೊಟ್ಟೆ, ಹಾಡೊಂದನ್ನು ಬಿಟ್ಟು. ಮದುವೆಯೂ ಆಯಿತು, ಅದು ಬೇರೆ ಕಥೆ. ಆದರೆ ಆ ದಿನ ಎಂದರೆ ನನಗೆ ಕಣ್ಣಿಗೆ ಕಟ್ಟುವುದು ಅಪ್ಪ ಬೀದಿಗಿಳಿದ ಮೇಲಿನ ಕಾಲು ಗಂಟೆ.

ನಾನು ಹೊರಗೆ ಬಂದೆ. ಮೇಷ್ಟ್ರು ಪರದೆಯ ತುಂಡು ಹಾಸಿ ಪೆಟ್ಟಿಗೆ ಮುಚ್ಚುತ್ತಿದ್ದರು.

'ಕ್ಷಮಿಸು ಬೇಟಿ. ಮಾತು ಕೊಟ್ಟು ತಪ್ಪಿದೆ. ಕೈ ನನ್ನ ಮಾತು ಕೇಳಲಿಲ್ಲ' ಎಂದರು.

'ಅದಿರಲಿ ಮೇಷ್ಟ್ರೆ' ಎಂದೆ. 'ನೀವು ಎಷ್ಟು ಚೆನ್ನಾಗಿ ನುಡಿಸಿದ್ರಿ.'

ಅವರು ಗಂಟು ಕಟ್ಟುವುದನ್ನು ನಿಲ್ಲಿಸಿದರು. ನನ್ನ ಕಡೆ ನೋಡಲಿಲ್ಲ, ಬೀದಿಯ ಕಡೆಗೇ ನೋಡುತ್ತಾ ಕೇಳಿದರು, 'ಎಲ್ಲಿ?'

'ಎಲ್ಲಿ ಅಂದ್ರೆ?'

'ಯಾವ ಜಾಗದಲ್ಲಿ ಚೆನ್ನಾಗಿತ್ತು?'

ಐವತ್ತು ದಾಟಿದ ಮನುಷ್ಯ. ಇಪ್ಪತ್ತು ವರ್ಷ ಕಂಪನಿಯಲ್ಲಿ, ಆಮೇಲೆ ನಮ್ಮ ಊರಿನಲ್ಲಿ, ಅಷ್ಟು ಜನರ ಹಾಡಿಗೆ ನುಡಿಸಿದವರು. ಚೆನ್ನಾಗಿ ನುಡಿಸಿದಿರಿ ಎಂಬ ಮಾತನ್ನು ಅವರಿಗೆ ಒಬ್ಬರೂ ಹೇಳಿರಲಿಲ್ಲ. ಜಗಲಿಯ ಮೇಲೆ ಅವರ ಎದುರಿಗೆ ಕೂತು ಹೇಳಿದೆ. ಎರಡನೇ ಸಾಲಿನ ಗಾಂಧಾರ ಹೇಳಿದೆ. 'ಹ್ಞೂಂ' ಎಂದರು. ಅರ್ಧ ಮನೆ ಜಾರಿದಾಗ ಸುತ್ತು ಸುತ್ತಿ ಇಳಿದದ್ದನ್ನು ಹೇಳಿದೆ. 'ಆಮೇಲೆ?' ಎಂದರು. ಕೆಮ್ಮಿನ ಜಾಗ ಹೇಳಿದೆ, ತಾಳ ಬಿಟ್ಟು ಓಡಿದ್ದು ಹೇಳಿದೆ, ಅಳು ಬಂದಾಗ ಪೆಟ್ಟಿಗೆಯ ದನಿ ತಗ್ಗಿಸಿ ನನ್ನನ್ನು ಮುಂದೆ ಬಿಟ್ಟದ್ದು ಹೇಳಿದೆ. ಒಂದೊಂದಕ್ಕೂ ಆಮೇಲೆ, ಆಮೇಲೆ ಎನ್ನುತ್ತಿದ್ದರು. ಹಸಿದವರಿಗೆ ಬಡಿಸಿದ ಹಾಗೆ ನಾನು ಹೇಳುತ್ತಾ ಹೋದೆ.

'ಮೊದಲನೇ ಸಾಲು ಮುಗಿಯೋ ಕಡೆ ಒಂದಿತ್ತು. ಅದು ಗೊತ್ತಾಗಲಿಲ್ವಾ?' ಎಂದರು.

'ಇಲ್ಲ ಮೇಷ್ಟ್ರೆ.'

ಮುಖ ಅರಳಿತು. ಗಂಟು ಬಿಚ್ಚಿ, ಪೆಟ್ಟಿಗೆಯನ್ನು ತೊಡೆಯ ಮುಂದೆ ಎಳೆದುಕೊಂಡರು. 'ಕೇಳು ಹಾಗಾದ್ರೆ' ಎಂದು ಆ ಹಾಡನ್ನು ಮೊದಲಿನಿಂದ ನುಡಿಸಿದರು. ಪೆಟ್ಟಿಗೆಯಲ್ಲಿ ಸ್ವರ ಜಾರುವುದಿಲ್ಲ, ಒತ್ತಿದರೆ ಅದು, ಬಿಟ್ಟರೆ ಇದು. ಅವರು ಪಕ್ಕದ ಮನೆಯನ್ನು ಅರ್ಧಕ್ಕೆ ಒತ್ತಿ, ತಿದಿಯನ್ನು ಸ್ವಲ್ಪ ತಡೆದು, ಎರಡು ಸ್ವರದ ನಡುವೆ ಇಲ್ಲದ ಒಂದು ಸ್ವರವನ್ನು ತರುತ್ತಿದ್ದರು. ಅದು ಮನುಷ್ಯರ ಗಂಟಲಿನಲ್ಲಿ ಬರುವ ಸ್ವರ. ಹಾಡುವವರಿಲ್ಲದೆ ಅವರು ಇಡೀ ಒಂದು ಹಾಡು ನುಡಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೇಳುತ್ತಾ ಕೇಳುತ್ತಾ ಬೆಳಗಿನಿಂದ ಬಿಗಿಹಿಡಿದಿದ್ದ ಅಳುವೆಲ್ಲ ಹರಿದುಹೋಯಿತು. ಎದೆ ಹಗುರವಾಯಿತು. ಅಪ್ಪ ಬಂದು ಬೈದರೆ ಬೈಯಲಿ ಅನ್ನಿಸಿತು.

ಅಡುಗೆಮನೆಯಿಂದ ಅವ್ವ ಓಡಿಬರುವ ಸದ್ದಾಯಿತು. ಬರುತ್ತಲೇ ಗದರಿದಳು, 'ಸಾಕ್ ನಿಲ್ಸೆ ನಿನ್ ಹಾಡ್ನ. ಅವರ ಎತ್ತು ಇನ್ನೂ ಬೀದಿ ಕೊನೆ ಬಾವಿ ತಾವ ನೀರು ಕುಡೀತಾ ಅವೆ. ಈಗ ಇಷ್ಟು ಚೆಂದಾಗಿ ಹಾಡಿದ್ರೆ ಕೇಳಿಸ್ಕೊಂಡು ವಾಪಸ್ ಬಂದ್ಬುಡ್ತಾರೆ ಕಣೆ.'

'ನಾನು ಹಾಡ್ತಿಲ್ಲ ಕಣವ್ವ' ಎಂದೆ.

ಬಾಗಿಲಿಗೆ ಬಂದು ನಿಂತಳು. ನನ್ನ ಮುಖ ನೋಡಿದಳು, ಪೆಟ್ಟಿಗೆ ನೋಡಿದಳು, ಅದರ ಮೇಲೆ ಓಡಾಡುತ್ತಿದ್ದ ಬೆರಳುಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬೀದಿಯ ಕೊನೆಗೆ ಒಂದು ಸಲ ಕಣ್ಣು ಹಾಯಿಸಿ, 'ಹಂಗಾದ್ರೆ ನುಡಿಸ್ಲಿ ಬುಡು' ಎಂದು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅಲ್ಲೇ ಕೂತಳು.